ಮನಸ್ಸಿನಲ್ಲಿರುವುದನ್ನು ಹೇಳುವ ಜಾದೂ: ಕಲಿಯುವುದು ಹೇಗೆ, ಜನರೆದುರು ಮಾಡುವುದು ಹೇಗೆ

ಮನಸ್ಸು ಓದುವ ಜಾದೂವಿಗೆ ಪೆಟ್ಟಿಗೆ, ಪಾರಿವಾಳ, ಮಂತ್ರದಂಡ ಯಾವುದೂ ಬೇಡ. ಒಂದು ಪೆನ್ನು, ಮೂರು ಚೀಟಿ, ಒಂದು ಕಟ್ಟು ಇಸ್ಪೀಟ್ ಎಲೆ, ಒಂದು ಪುಸ್ತಕ, ಕೈಯಲ್ಲಿ ಹೇಗೂ ಇರುವ ಫೋನು, ಇಷ್ಟಿದ್ದರೆ ಅರ್ಧ ಗಂಟೆ ಜನರನ್ನು ಕೂರಿಸಬಹುದು. ಕೈಚಳಕವೂ ತೀರಾ ಕಡಿಮೆ. ಆ ಕಾರಣಕ್ಕೇ ಹೊಸಬರು ಇದನ್ನು ಕೆಡಿಸುತ್ತಾರೆ. ಉತ್ತರ ಗೊತ್ತಾದ ಕೂಡಲೇ ಪಟ್ಟನೆ ಹೇಳಿಬಿಡುತ್ತಾರೆ. ನೋಡಿದವರು "ಏನೋ ಲೆಕ್ಕ ಇರಬೇಕು ಬಿಡಿ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ಉತ್ತರ ನಿಮಗೆ ಗೊತ್ತಾದ ಗಳಿಗೆಯಿಂದ ಅದು ನಿಮ್ಮ ಬಾಯಿಂದ ಹೊರಬರುವ ಗಳಿಗೆಯವರೆಗೆ ಒಂದೆರಡು ನಿಮಿಷ ಇರುತ್ತದೆ. ಜನ ನೋಡುವ ಜಾದೂ ಇರುವುದು ಆ ಎರಡು ನಿಮಿಷದಲ್ಲಿ. ಹಾಗಾಗಿ ಕೆಳಗೆ ಪ್ರತಿ ಟ್ರಿಕ್‌ನ ಗುಟ್ಟಿನ ಜೊತೆಗೆ, ಆ ಹೊತ್ತನ್ನು ಹೇಗೆ ತುಂಬಬೇಕು ಅನ್ನುವುದನ್ನೂ ಬರೆದಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ಎರಡನ್ನು ಚೆನ್ನಾಗಿ ಕಲಿತರೆ ಸಾಕು, ಮಿಕ್ಕಿದ್ದು ತಾನಾಗಿ ಸೇರಿಕೊಳ್ಳುತ್ತದೆ.

ಶುರುವಿಗೆ: ಎಲ್ಲರ ಮನಸ್ಸಿನಲ್ಲೂ ಒಂದೇ ತರಕಾರಿ

ಇದನ್ನು ಇಡೀ ಸಭೆಯ ಜೊತೆ ಮಾಡಬಹುದು. ನಿಧಾನವಾಗಿ, ಪ್ರತಿ ಹೆಜ್ಜೆಗೂ ಸಮಯ ಕೊಟ್ಟು ಹೇಳಿ:

1. ಎರಡರಿಂದ ಹತ್ತರೊಳಗೆ ಒಂದು ಸಂಖ್ಯೆ ನೆನೆಯಿರಿ. ಯಾರಿಗೂ ಹೇಳಬೇಡಿ.
2. ಅದನ್ನು 9ರಿಂದ ಗುಣಿಸಿ. ಬಂದ ಉತ್ತರದ ಎರಡೂ ಅಂಕಿಗಳನ್ನು ಕೂಡಿಸಿ.
3. ಅದರಿಂದ 5 ಕಳೆಯಿರಿ.
4. ಈಗ ಕನ್ನಡ ವರ್ಣಮಾಲೆ. ಒಂದು ಬಂದಿದ್ದರೆ ಅ, ಎರಡಾದರೆ ಆ, ಹೀಗೆ ನಿಮ್ಮ ಸಂಖ್ಯೆಗೆ ಯಾವ ಅಕ್ಷರ ಬರುತ್ತದೋ ನೋಡಿಕೊಳ್ಳಿ.
5. ಆ ಅಕ್ಷರದಿಂದ ಶುರುವಾಗುವ ಒಂದು ತರಕಾರಿಯನ್ನು ಕಣ್ಣೆದುರು ತಂದುಕೊಳ್ಳಿ.

9ರ ಮಗ್ಗಿಯಲ್ಲಿ 18ರಿಂದ 90ರವರೆಗೆ ಯಾವುದನ್ನು ತೆಗೆದುಕೊಂಡರೂ ಅಂಕಿಗಳ ಮೊತ್ತ 9. ಐದು ಕಳೆದರೆ 4. ನಾಲ್ಕನೆಯ ಅಕ್ಷರ ಈ. ಈ ಅಕ್ಷರಕ್ಕೆ ತರಕಾರಿ ಅಂದರೆ ಈರುಳ್ಳಿ ಬಿಟ್ಟು ಬೇರೇನು ತಾನೇ ಹೊಳೆಯುತ್ತದೆ?

ಇಲ್ಲಿ "ಈರುಳ್ಳಿ!" ಎಂದು ಕೂಗಬೇಡಿ. ಒಬ್ಬರ ಮುಖವನ್ನೇ ದಿಟ್ಟಿಸಿ. "ಬಣ್ಣ ಕಾಣಿಸುತ್ತಿದೆ… ಒಂದರ ಮೇಲೊಂದು ಪದರ…" ಎನ್ನುತ್ತ ಕಣ್ಣು ಉಜ್ಜಿಕೊಳ್ಳಿ. "ಯಾಕೋ ಕಣ್ಣಲ್ಲಿ ನೀರು ಬರ್ತಿದೆಯಲ್ಲ" ಎಂದು ಜೇಬಿನಿಂದ ಕರ್ಚೀಫು ತೆಗೆಯಿರಿ. ಉತ್ತರವನ್ನು ನೀವು ಹೇಳಲೇ ಇಲ್ಲ, ಸಭೆ ತಾನಾಗಿ ಹೇಳಿತು. ಇದು ಲೆಕ್ಕ ಅನ್ನುವುದು ಸ್ವಲ್ಪ ಹೊತ್ತಿನಲ್ಲೇ ಕೆಲವರಿಗೆ ಹೊಳೆಯುತ್ತದೆ, ಹೊಳೆಯಲಿ. ಇದು ಜನರನ್ನು ಒಳಗೆ ಸೆಳೆದುಕೊಳ್ಳುವುದಕ್ಕೆ ಮಾತ್ರ. ಇಲ್ಲಿ ಲೆಕ್ಕ ಕಂಡವರು ಮುಂದಿನದರಲ್ಲೂ ಲೆಕ್ಕವನ್ನೇ ಹುಡುಕುತ್ತಾರೆ. ಹಾಗಾಗಿ ಮುಂದಿನದರಲ್ಲಿ ಲೆಕ್ಕ ಇರಲೇಬಾರದು.

ನಾಣ್ಯ ಯಾವ ಕೈಯಲ್ಲಿ?

ಒಬ್ಬರನ್ನು ಮುಂದೆ ಕರೆದು ನಾಣ್ಯ ಕೊಡಿ. ನೀವು ಬೆನ್ನು ತಿರುಗಿಸಿ ನಿಲ್ಲಿ. ಅವರು ನಾಣ್ಯವನ್ನು ಯಾವುದಾದರೂ ಒಂದು ಮುಷ್ಟಿಯಲ್ಲಿ ಅಡಗಿಸಿ, ಇನ್ನೊಂದು ಮುಷ್ಟಿಯನ್ನೂ ಹಾಗೇ ಬಿಗಿಹಿಡಿಯಬೇಕು. ಈಗ ಹೇಳಿ: "ನಾಣ್ಯ ಇರುವ ಕೈಯನ್ನು ಹಣೆಗೆ ಒತ್ತಿ ಹಿಡಿಯಿರಿ. ಇನ್ನೊಂದು ಕೈ ಕೆಳಗೆ ಇಳಿಬಿಟ್ಟಿರಲಿ. ಮನಸ್ಸಿನಲ್ಲೇ 'ಇಲ್ಲಿದೆ, ಇಲ್ಲಿದೆ' ಅಂದುಕೊಳ್ಳುತ್ತಾ ಇರಿ." ಅರ್ಧ ನಿಮಿಷವಾದರೂ ಹಾಗೆ ನಿಲ್ಲಲಿ. ಆ ಹೊತ್ತಿನಲ್ಲಿ ನೀವು ಸಭೆಯ ಜೊತೆ ಮಾತಾಡುತ್ತಿರಿ. ನಂತರ "ಎರಡೂ ಕೈ ಮುಂದಕ್ಕೆ ಚಾಚಿ" ಎಂದು ಹೇಳಿ, ಕೂಡಲೇ ತಿರುಗಿ.

ಮೇಲೆತ್ತಿ ಹಿಡಿದ ಕೈಯಿಂದ ರಕ್ತ ಕೆಳಗಿಳಿದಿರುತ್ತದೆ. ಆ ಕೈ ಕೊಂಚ ಬಿಳಿಚಿಕೊಂಡಿರುತ್ತದೆ, ಮುಂಗೈ ಹಿಂಭಾಗದ ನರಗಳು ಒಳಗೆ ಸರಿದಿರುತ್ತವೆ. ಇಳಿಬಿಟ್ಟಿದ್ದ ಕೈಯಲ್ಲಿ ನರಗಳು ಉಬ್ಬಿರುತ್ತವೆ. ಮೈಬಣ್ಣ ಯಾವುದೇ ಇರಲಿ, ಬಣ್ಣಕ್ಕಿಂತ ನರ ನೋಡುವುದು ವಾಸಿ. ವ್ಯತ್ಯಾಸ ಕೆಲವೇ ಕ್ಷಣ ಉಳಿಯುತ್ತದೆ. ತಿರುಗಿದ ಮೊದಲ ನೋಟದಲ್ಲೇ ಅದನ್ನು ಹಿಡಿದು, ತಕ್ಷಣ ಕಣ್ಣನ್ನು ಕೈಯಿಂದ ತೆಗೆದು ಅವರ ಮುಖಕ್ಕೆ ಹಾಯಿಸಿ. ಕೈಯನ್ನೇ ನೋಡುತ್ತ ನಿಂತರೆ ಗುಟ್ಟು ಬಯಲಾಗುತ್ತದೆ. ಮುಖ ನೋಡುತ್ತ ಎರಡು ಪ್ರಶ್ನೆ ಕೇಳಿ: "ನಾಣ್ಯ ಎಡಗೈಯಲ್ಲಿದೆ ಎಂದರೆ ಏನನ್ನಿಸುತ್ತದೆ? ಬಲಗೈ ಅಂದರೆ?" ಉತ್ತರ ಬೇಡ ಅನ್ನಿ. ಆಮೇಲೆ ನಿಧಾನಕ್ಕೆ ಸರಿಯಾದ ಮುಷ್ಟಿಯ ಮೇಲೆ ಬೆರಳಿಡಿ. ನೀವು ಅವರ ಕಣ್ಣಿನಲ್ಲಿ ಏನನ್ನೋ ಓದಿದಿರಿ ಎಂದೇ ಎಲ್ಲರೂ ಹೇಳಿಕೊಳ್ಳುವುದು.

ಕಣ್ಣಿನಲ್ಲಿ ಏನೂ ಇರುವುದಿಲ್ಲ ಎಂದೇನಲ್ಲ. ಯೋಚನೆ ಮೈಯಲ್ಲಿ ಸಣ್ಣ ಚಲನೆಯಾಗಿ ಹೊರಬೀಳುತ್ತದೆ. ಇಂಗ್ಲೆಂಡಿನ ಶರೀರವಿಜ್ಞಾನಿ ವಿಲಿಯಂ ಕಾರ್ಪೆಂಟರ್ 1852ರಲ್ಲೇ ಇದಕ್ಕೆ ಹೆಸರು ಕೊಟ್ಟು ವಿವರಿಸಿದ್ದರು. ಜರ್ಮನಿಯ ಹಾನ್ಸ್ ಎಂಬ ಕುದುರೆ ಗೊರಸು ತಟ್ಟಿ ಲೆಕ್ಕದ ಉತ್ತರ ಹೇಳುತ್ತದೆ ಎಂದು ಜನ ಬೆರಗಾಗಿದ್ದರು. ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ 1907ರಲ್ಲಿ ಪರೀಕ್ಷೆ ಮಾಡಿದಾಗ ತಿಳಿದದ್ದೇನೆಂದರೆ, ಸರಿಯುತ್ತರ ಬಂದ ಕೂಡಲೇ ಪ್ರಶ್ನೆ ಕೇಳಿದವರ ತಲೆ, ಮೈ ಗೊತ್ತಾಗದಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ನೋಡಿ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಈ ಟ್ರಿಕ್ ಮಾಡುತ್ತ ಮಾಡುತ್ತ ನಿಮಗೂ ಅಂಥವು ಕಾಣತೊಡಗುತ್ತವೆ. ಎಷ್ಟೋ ಜನರ ಮೂಗು ನಾಣ್ಯವಿರುವ ಕಡೆಗೆ ಕೂದಲೆಳೆಯಷ್ಟು ವಾಲಿರುತ್ತದೆ. ನರ ನೋಡಿ ಉತ್ತರ ತಿಳಿದುಕೊಂಡ ಮೇಲೆ ಮೂಗನ್ನೂ ಗಮನಿಸುತ್ತ ಬನ್ನಿ. ಒಳ್ಳೆಯ ಅಭ್ಯಾಸವಾಗುತ್ತದೆ.

ಪುಸ್ತಕದಲ್ಲಿ ಒಂದು ಪದ

ಇದು 1089ರ ಲೆಕ್ಕ. ಹಳೆಯದು, ಆದರೆ ಪುಸ್ತಕದ ಜೊತೆ ಸೇರಿಸಿದಾಗ ಇದರಷ್ಟು ಚೆಂದದ್ದು ಕಡಿಮೆ.

ಮೂರಂಕಿಯ ಒಂದು ಸಂಖ್ಯೆ ಬರೆಸಿ. ಮೊದಲ ಮತ್ತು ಕೊನೆಯ ಅಂಕಿ ಬೇರೆಬೇರೆ ಇರಬೇಕು, ನಡುವೆ ಕನಿಷ್ಠ ಎರಡರ ಅಂತರ ಇರಬೇಕು. ಅವರು 725 ಬರೆದರು ಅನ್ನೋಣ. ಅದನ್ನು ತಿರುವಿ ಬರೆದರೆ 527. ದೊಡ್ಡದರಿಂದ ಚಿಕ್ಕದನ್ನು ಕಳೆದರೆ 198. ಅದನ್ನು ತಿರುವಿದರೆ 891. ಈ ಎರಡನ್ನು ಕೂಡಿಸಿದರೆ 1089. ಯಾವ ಸಂಖ್ಯೆಯಿಂದ ಹೊರಟರೂ ಇಲ್ಲಿಗೇ ಬಂದು ನಿಲ್ಲುತ್ತದೆ. ಅಂತರದ ಷರತ್ತನ್ನು ಮರೆಯಬೇಡಿ. 554 ತೆಗೆದುಕೊಂಡರೆ ವ್ಯತ್ಯಾಸ 99 ಬರುತ್ತದೆ; ಅದನ್ನು 099 ಎಂದು ಬರೆದು ತಿರುವಬೇಕು ಎಂದು ವಿವರಿಸುತ್ತ ಕೂತರೆ ಆಟವೇ ಕೆಟ್ಟಿತು.

ಈಗ ಪುಸ್ತಕ. ಮೊದಲ ಮೂರು ಅಂಕಿ ಪುಟ, ಕೊನೆಯ ಅಂಕಿ ಸಾಲು: 108ನೇ ಪುಟ, 9ನೇ ಸಾಲು, ಆ ಸಾಲಿನ ಮೊದಲ ಪದ. ಅದನ್ನು ನೀವು ಮೊದಲೇ ಬಾಯಿಪಾಠ ಮಾಡಿರುತ್ತೀರಿ.

ಪುಸ್ತಕ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಆ ಪುಟದಲ್ಲಿ ಅಧ್ಯಾಯ ಶುರುವಾಗಿರಬಾರದು; ಶೀರ್ಷಿಕೆಯನ್ನು ಸಾಲೆಂದು ಎಣಿಸಬೇಕೋ ಬೇಡವೋ ಎಂಬ ಗೊಂದಲ ಬರುತ್ತದೆ. ಕನ್ನಡ ಅಚ್ಚಿನಲ್ಲಿ ಉದ್ದದ ಪದ ಸಾಲಿನ ಕೊನೆಯಲ್ಲಿ ತುಂಡಾಗಿ ಮುಂದಿನ ಸಾಲಿಗೆ ಹೋಗುವುದುಂಟು, ಹಾಗಾಗಿ ಒಂಬತ್ತನೆಯ ಸಾಲು ಇಡೀ ಪದದಿಂದಲೇ ಶುರುವಾಗುತ್ತದೆಯೇ ನೋಡಿ. "ಆದ್ದರಿಂದ", "ಅವನು" ಇಂಥ ಪದ ಬಂದರೆ ಆ ಪುಸ್ತಕವನ್ನು ಬಿಡಿ. ದೋಣಿ, ಕಿಟಕಿ, ಬೆಂಕಿ, ಕುದುರೆ, ಹೀಗೆ ಕಣ್ಣಿಗೆ ಕಟ್ಟುವ ಪದ ಬೇಕು. ಅಂಥ ಪದ ಸಿಗುವವರೆಗೆ ನಿಮ್ಮ ಕಪಾಟಿನ ಪುಸ್ತಕಗಳನ್ನೆಲ್ಲ ತಿರುವಿಹಾಕಿ.

ಪ್ರದರ್ಶನದಲ್ಲಿ ಲೆಕ್ಕವನ್ನು ಒಬ್ಬರು ಫೋನಿನ ಕ್ಯಾಲ್ಕುಲೇಟರಿನಲ್ಲಿ ಮಾಡಲಿ, ಪಕ್ಕದವರು ನೋಡುತ್ತಿರಲಿ. ತಪ್ಪು ಲೆಕ್ಕ ಈ ಟ್ರಿಕ್‌ನ ದೊಡ್ಡ ಶತ್ರು. ಪುಸ್ತಕ ಮೂರನೆಯವರ ಕೈಯಲ್ಲಿರಲಿ. ಪದ ಸಿಕ್ಕ ಮೇಲೆ ಪುಸ್ತಕವನ್ನು ಮುಚ್ಚಿ ಎದೆಗೆ ಒತ್ತಿ ಹಿಡಿಯಲು ಹೇಳಿ. ಇಲ್ಲಿಂದ ಮುಂದೆ ಸಂಖ್ಯೆಯ ಮಾತನ್ನೇ ಎತ್ತಬೇಡಿ. "ಆ ಪದವನ್ನು ಓದಬೇಡಿ, ನೋಡಿ. ಅದು ಒಂದು ವಸ್ತು ಅಲ್ಲವೇ?" ಎಂದು ಶುರುಮಾಡಿ. ಪದ ದೋಣಿ ಆಗಿದ್ದರೆ, "ನೀರಿನ ಸದ್ದು ಕೇಳಿಸುತ್ತಿದೆ… ಅಲುಗಾಡುತ್ತಿದೆ… ನೀವು ಅದರೊಳಗೆ ಕೂತಿದ್ದೀರಿ" ಎನ್ನಿ. ಹಾಳೆಯ ಮೇಲೆ ನಾಲ್ಕು ಗೀಟಿನ ದೋಣಿ ಬರೆದು ತೋರಿಸಿ. ಚಿತ್ರ ಚೆನ್ನಾಗಿರಬೇಕಿಲ್ಲ. ಚಿತ್ರ ನೋಡಿದ ಮೇಲೆ ಕ್ಯಾಲ್ಕುಲೇಟರ್ ಯಾರಿಗೂ ನೆನಪಿಗೆ ಬರುವುದಿಲ್ಲ.

ಹುಟ್ಟಿದ ದಿನ ಹೇಳುವ ಐದು ಕಾರ್ಡು

ಮಕ್ಕಳಿರುವ ಸಭೆಗೆ ಇದು ಒಳ್ಳೆಯದು. ಐದು ಬಣ್ಣದ ಐದು ಕಾರ್ಡು ಮಾಡಿ, ಪ್ರತಿಯೊಂದರಲ್ಲೂ ಹದಿನಾರು ಸಂಖ್ಯೆ:

ಬಿಳಿ (ಬೆಲೆ 1): 1, 3, 5, 7, 9, 11, 13, 15, 17, 19, 21, 23, 25, 27, 29, 31
ಹಳದಿ (ಬೆಲೆ 2): 2, 3, 6, 7, 10, 11, 14, 15, 18, 19, 22, 23, 26, 27, 30, 31
ಹಸಿರು (ಬೆಲೆ 4): 4, 5, 6, 7, 12, 13, 14, 15, 20, 21, 22, 23, 28, 29, 30, 31
ನೀಲಿ (ಬೆಲೆ 8): 8ರಿಂದ 15, 24ರಿಂದ 31
ಕೆಂಪು (ಬೆಲೆ 16): 16ರಿಂದ 31

ಕಾರ್ಡಿನಲ್ಲಿ ಸಂಖ್ಯೆಗಳನ್ನು ಹೀಗೆ ಕ್ರಮವಾಗಿ ಬರೆಯದೆ ಚೆಲ್ಲಾಪಿಲ್ಲಿ ಬರೆಯಿರಿ. ಬೆಲೆಯನ್ನು ಎಲ್ಲೂ ಬರೆಯಬೇಡಿ, ಬಣ್ಣದ ಮೂಲಕ ನೆನಪಿಟ್ಟುಕೊಳ್ಳಿ. ಹುಟ್ಟಿದ ತಾರೀಖು ಯಾವ ಯಾವ ಕಾರ್ಡಿನಲ್ಲಿದೆಯೋ ಆ ಬಣ್ಣಗಳ ಬೆಲೆ ಕೂಡಿಸಿದರೆ ತಾರೀಖು. ಕೆಂಪು, ಹಸಿರು, ಹಳದಿ ಅಂದರೆ 16, 4, 2, ಒಟ್ಟು 22. 1ರಿಂದ 31ರವರೆಗಿನ ಪ್ರತಿ ಸಂಖ್ಯೆಯನ್ನೂ ಈ ಐದು ಬೆಲೆಗಳಿಂದ ಒಂದೇ ಒಂದು ರೀತಿಯಲ್ಲಿ ಕಟ್ಟಬಹುದು, ಆದ್ದರಿಂದ ತಪ್ಪುವ ಮಾತೇ ಇಲ್ಲ. ಬಣ್ಣದ ಲಾಭವೆಂದರೆ ನೀವು ಕಾರ್ಡನ್ನು ನೋಡುವುದೇ ಬೇಡ. ಕೋಣೆಯ ಇನ್ನೊಂದು ಮೂಲೆಯಲ್ಲಿ ಗೋಡೆಗೆ ಮುಖಮಾಡಿ ನಿಂತು, ಅವರು "ಕೆಂಪಲ್ಲಿದೆ, ನೀಲಿಯಲ್ಲಿಲ್ಲ" ಅನ್ನುವುದನ್ನಷ್ಟೇ ಕೇಳಿಸಿಕೊಂಡರೂ ಸಾಕು. ಕಂಪ್ಯೂಟರ್ ಓದಿದವರಿಗೆ ಇದರ ಜಾಡು ಬೇಗ ಸಿಗುತ್ತದೆ. ಅಂಥವರೇ ಹೆಚ್ಚಿರುವ ಕಡೆ ಇದನ್ನು ಬಿಟ್ಟುಬಿಡಿ.

ದೂರದಲ್ಲಿರುವ ಗೆಳೆಯ ಎಲೆ ಹೇಳುವುದು

ಇಬ್ಬರು ಸೇರಿ ಮನಸ್ಸು ಓದುವ ಆಟಕ್ಕೆ ದೊಡ್ಡ ಪರಂಪರೆ ಇದೆ. ಫ್ರಾನ್ಸಿನ ಜಾದೂಗಾರ ರಾಬರ್ ಉದ್ಯಾಂ 1846ರಲ್ಲಿ ತನ್ನ ಮಗ ಎಮಿಲ್‌ನ ಕಣ್ಣು ಕಟ್ಟಿ ಕೂರಿಸಿ, ಪ್ರೇಕ್ಷಕರು ಕೊಟ್ಟ ವಸ್ತುಗಳ ಹೆಸರನ್ನು ಅವನಿಂದ ಹೇಳಿಸುತ್ತಿದ್ದ. ಪ್ರಶ್ನೆ ಕೇಳುವ ಮಾತಿನಲ್ಲೇ ಸಂಕೇತ ಅಡಗಿರುತ್ತಿತ್ತು. ಆಸ್ಟ್ರೇಲಿಯಾದ ಸಿಡ್ನಿ ಮತ್ತು ಲೆಸ್ಲಿ ಪಿಡಿಂಗ್ಟನ್ ದಂಪತಿ 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಇಂಥದ್ದೇ ಪ್ರಯೋಗಗಳನ್ನು ನಡೆಸಿ ಕೇಳುಗರನ್ನು ಬೆರಗುಗೊಳಿಸಿದ್ದರು. ಅವರ ಮಟ್ಟದ ಸಂಕೇತ ಕಲಿಯಲು ವರ್ಷಗಳು ಬೇಕು. ನಮಗೆ ಒಂದೇ ಪದ ಸಾಕು: ಹಲೋ.

ಸಭೆಯಲ್ಲಿ ಯಾರಾದರೂ ಮನಸ್ಸಿಗೆ ಬಂದ ಎಲೆಯನ್ನು ಗಟ್ಟಿಯಾಗಿ ಹೇಳಲಿ. ಆಟೀನ್ ರಾಣಿ ಅಂದರು ಅನ್ನೋಣ. ನೀವು ಗೆಳೆಯನಿಗೆ ಫೋನ್ ಮಾಡಿ, ಕಿವಿಗೆ ಹಿಡಿದು ಸುಮ್ಮನೆ ನಿಲ್ಲಿ. ಗೆಳೆಯ ಫೋನ್ ಎತ್ತಿದವನೇ ಮೆಲ್ಲಗೆ ಶುರುಮಾಡುತ್ತಾನೆ: "ಎಕ್ಕ… ರಾಜ… ರಾಣಿ…" ರಾಣಿ ಅಂದ ಕೂಡಲೇ ನೀವು "ಹಲೋ" ಅನ್ನಿ. ಅವನಿಗೆ ಅಂಕಿ ಗೊತ್ತಾಯಿತು. ಈಗ ಅವನು ಬಣ್ಣ ಹೇಳುತ್ತಾನೆ: "ಇಸ್ಪೀಟ್… ಆಟೀನ್…" ಆಟೀನ್ ಅಂದೊಡನೆ "ಒಂದು ನಿಮಿಷ, ಇವರ ಜೊತೆ ಮಾತಾಡಿ" ಎಂದು ಫೋನನ್ನು ಸ್ಪೀಕರಿಗೆ ಹಾಕಿ, ಎಲೆ ಹೇಳಿದವರ ಕೈಗೆ ಕೊಟ್ಟು ದೂರ ಸರಿಯಿರಿ. ಇನ್ನು ನಿಮ್ಮ ಬಾಯಿಂದ ಒಂದು ಮಾತೂ ಹೊರಡಬಾರದು.

ಗೆಳೆಯ ಎಲೆಗಳನ್ನು ಎಕ್ಕ, ರಾಜ, ರಾಣಿ, ಗುಲಾಮ, ಆಮೇಲೆ 10, 9, 8 ಎಂಬ ಕ್ರಮದಲ್ಲಿ ಹೇಳುವುದು ಒಳ್ಳೆಯದು. ಜನರಿಗೆ ಮೊದಲು ಹೊಳೆಯುವುದು ಚಿತ್ರದ ಎಲೆಗಳು. ಅವನು ಹೇಳುತ್ತಿರುವಾಗ ಸಭೆಗೆ ಫೋನ್ ಇನ್ನೂ ರಿಂಗಾಗುತ್ತಿದೆ ಅನ್ನಿಸಬೇಕು, ಹಾಗಾಗಿ ಯಾರನ್ನೋ ಕಾಯುವಂತೆ ಕಿಟಕಿಯ ಕಡೆ ನೋಡುತ್ತಿರಿ. ಫೋನಿನ ವಾಲ್ಯೂಮ್ ಪಕ್ಕದವರಿಗೆ ಕೇಳಿಸದಷ್ಟು ಕಡಿಮೆ ಇರಲಿ, ಇದನ್ನು ಮೊದಲೇ ಮನೆಯಲ್ಲಿ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ ಪರೀಕ್ಷಿಸಿ. ಕೊನೆಗೆ ಗೆಳೆಯನೂ ಗಡಿಬಿಡಿ ಮಾಡಬಾರದು. "ನಿಮ್ಮ ಹೆಸರೇನು? ಎಲೆಯನ್ನು ಮನಸ್ಸಿನಲ್ಲಿ ನೋಡಿ… ಕೆಂಪು ಕಾಣಿಸುತ್ತಿದೆ… ಹೆಣ್ಣಿನ ಮುಖ…" ಎಂದು ನಿಧಾನಕ್ಕೆ ಬರಬೇಕು.

ಮೂರು ಚೀಟಿ

ನಾನು ಒಂದೇ ಒಂದು ಟ್ರಿಕ್ ಕಲಿಸಬೇಕೆಂದರೆ ಇದನ್ನೇ ಕಲಿಸುತ್ತೇನೆ. ದೊಡ್ಡ ದೊಡ್ಡ ವೇದಿಕೆಗಳ ಮೇಲೆ ನಡೆಯುವ ಎಷ್ಟೋ ಮನಸ್ಸು ಓದುವ ಪ್ರದರ್ಶನಗಳ ಒಳಗೆ ಇದೇ ಉಪಾಯ ಇರುತ್ತದೆ.

ಸಭೆಗೆ ಕಾಣುವುದು ಇಷ್ಟು. ಮೂವರನ್ನು ಮುಂದೆ ಕೂರಿಸುತ್ತೀರಿ. ಮೊದಲನೆಯವರು ಬಾಲ್ಯದ ಗೆಳತಿಯೊಬ್ಬಳನ್ನು ನೆನೆಯುತ್ತಾರೆ. ನೀವು ಚೀಟಿಯಲ್ಲಿ ಏನೋ ಬರೆದು ಮಡಚಿ ಲೋಟಕ್ಕೆ ಹಾಕುತ್ತೀರಿ. ಎರಡನೆಯವರು ನೋಡಬೇಕೆಂದಿರುವ ಊರನ್ನು ನೆನೆಯುತ್ತಾರೆ, ಇನ್ನೊಂದು ಚೀಟಿ. ಮೂರನೆಯವರು ಇಸ್ಪೀಟ್ ಕಟ್ಟಿನಿಂದ ಒಂದು ಎಲೆ ಆರಿಸುವ ಮೊದಲೇ ಮೂರನೆಯ ಚೀಟಿ. ಕೊನೆಗೆ ಲೋಟ ಬೋರಲು ಹಾಕಿದರೆ ಮೂರೂ ಸರಿ.

ಗುಟ್ಟು: ನೀವು ಯಾವಾಗಲೂ ಒಂದು ಹೆಜ್ಜೆ ಮುಂದಿರುತ್ತೀರಿ. ಮೊದಲ ಚೀಟಿಯಲ್ಲಿ ಬರೆಯುವುದು ಮೂರನೆಯವರ ಎಲೆ, ಏಕೆಂದರೆ ಅವರು ಯಾವ ಎಲೆ ತೆಗೆಯುತ್ತಾರೆ ಎಂಬುದು ನಿಮ್ಮ ಕೈಯಲ್ಲೇ ಇದೆ. ಎರಡನೆಯ ಚೀಟಿಯಲ್ಲಿ ಮೊದಲನೆಯವರು ಆಗಲೇ ಬಾಯಿಬಿಟ್ಟು ಹೇಳಿದ ಹೆಸರು. ಮೂರನೆಯದರಲ್ಲಿ ಎರಡನೆಯವರು ಹೇಳಿದ ಊರು.

ಎಲೆಯನ್ನು ನಿಮಗೆ ಬೇಕಾದಂತೆ ಕೊಡಿಸುವುದು ಹೀಗೆ. ಆಟೀನ್ ಏಳು ಕಟ್ಟಿನ ಮೇಲೆ ಇರಲಿ, ಮುಖ ಕೆಳಗೆ. ಮೂರನೆಯವರಿಗೆ ಎಲ್ಲಾದರೂ ಒಂದು ಕಡೆ ಕಟ್ಟನ್ನು ಎತ್ತಿ, ಎತ್ತಿದ ಭಾಗವನ್ನು ಪಕ್ಕಕ್ಕೆ ಇಡಲು ಹೇಳಿ. ಉಳಿದ ಕೆಳಭಾಗವನ್ನು ನೀವು ತೆಗೆದು ಅದರ ಮೇಲೆ ಅಡ್ಡಲಾಗಿ ಇಡಿ, "ಎಲ್ಲಿ ಕಟ್ ಮಾಡಿದಿರೋ ಆ ಜಾಗ ಗುರುತಿರಲಿ" ಎನ್ನುತ್ತ. ಈಗ ಸ್ವಲ್ಪ ಹೊತ್ತು ಹೋಗಬೇಕು. ಆಮೇಲೆ ಅಡ್ಡ ಇಟ್ಟ ಮೇಲ್ಭಾಗವನ್ನು ಎತ್ತಿ, ಕೆಳಗಿನ ಭಾಗದ ಮೊದಲ ಎಲೆ ತೋರಿಸಿ, "ನೀವು ಕಟ್ ಮಾಡಿದ ಎಲೆ ತೆಗೆಯಿರಿ" ಅನ್ನಿ. ಅದು ಮೊದಲಿನಿಂದಲೂ ಕಟ್ಟಿನ ಮೇಲಿದ್ದ ಅದೇ ಆಟೀನ್ ಏಳು. ಇಟ್ಟ ತಕ್ಷಣ ಎತ್ತಿದರೆ ಯಾರಾದರೂ ಹಿಡಿಯುತ್ತಾರೆ. ಅರ್ಧ ನಿಮಿಷ ಬಿಟ್ಟರೆ ಯಾವ ಭಾಗ ಯಾವುದು ಎಂಬುದು ಮರೆತಿರುತ್ತದೆ. ಈ ಅರ್ಧ ನಿಮಿಷವನ್ನು ತುಂಬಲು ಬೇರೇನೂ ಹುಡುಕಬೇಕಿಲ್ಲ, ಮೂರನೆಯ ಚೀಟಿ ಬರೆಯುವುದಿದೆಯಲ್ಲ!

ಈಗ ಪೂರ್ತಿ ಕ್ರಮ:

1. ಮೊದಲನೆಯವರ ಕಣ್ಣನ್ನು ನೋಡಿ, "ಅವಳ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಬರೆಯಿರಿ" ಅನ್ನಿ. ಚೀಟಿಯಲ್ಲಿ ಬರೆಯಿರಿ: "ನೀವು ಆಟೀನ್ ಏಳು ತೆಗೆಯುತ್ತೀರಿ." ಮಡಚಿ, ಹೊರಗೆ 3 ಎಂದು ಗುರುತು ಹಾಕಿ ಲೋಟಕ್ಕೆ ಹಾಕಿ. ನೀವು ಹಾಕಿದ್ದು 1 ಎಂದು ಎಲ್ಲರೂ ಭಾವಿಸುತ್ತಾರೆ. ಪೆನ್ನಿನ ತುದಿಯ ಓಟ ಕಾಣದಂತೆ ಚೀಟಿಯನ್ನು ಅಂಗೈಗೆ ಆನಿಸಿ ಬರೆಯಿರಿ.
2. "ಬರೆದಾಯಿತು, ಇನ್ನು ಬದಲಿಸುವಂತಿಲ್ಲ. ಈಗ ಎಲ್ಲರಿಗೂ ಹೇಳಿ, ಯಾರನ್ನು ನೆನೆದಿರಿ?" ಅವರು "ಸುಮಾ" ಅಂದರು. ತಲೆಯಾಡಿಸಿ ಮುಂದೆ ಹೋಗಿ. ನಗಬೇಡಿ, ಬೀಗಬೇಡಿ.
3. ಎರಡನೆಯವರಿಗೆ ಊರು ನೆನೆಯಲು ಹೇಳಿ. ಚೀಟಿಯಲ್ಲಿ ಸುಮಾಳ ಬಗ್ಗೆ ಬರೆಯಿರಿ, ಹೊರಗೆ 1. ಲೋಟಕ್ಕೆ. ಊರು ಹೇಳಿಸಿ. ಪ್ಯಾರಿಸ್.
4. ಮೂರನೆಯವರಿಂದ ಕಟ್ಟನ್ನು ಕಟ್ ಮಾಡಿಸಿ, ಅಡ್ಡ ಇಡಿ. "ಎಲೆ ನೋಡಬೇಡಿ, ಮೊದಲು ನಾನು ಬರೆಯಬೇಕು." ಚೀಟಿಯಲ್ಲಿ ಪ್ಯಾರಿಸ್ ಬಗ್ಗೆ ಬರೆಯಿರಿ, ಹೊರಗೆ 2. ಲೋಟಕ್ಕೆ.
5. ಎಲೆ ತೆಗೆಸಿ, ಎಲ್ಲರಿಗೂ ತೋರಿಸಲು ಹೇಳಿ.
6. ಲೋಟವನ್ನು ನೀವು ಮುಟ್ಟಬೇಡಿ. ಸಭೆಯಿಂದ ಇನ್ನೊಬ್ಬರು ಬಂದು ಚೀಟಿಗಳನ್ನು ಸುರಿದು, 1, 2, 3 ಕ್ರಮದಲ್ಲಿ ಗಟ್ಟಿಯಾಗಿ ಓದಲಿ.

ಲೋಟ ಪಾರದರ್ಶಕವಾಗಿರಬಾರದು, ಚೀಟಿಗಳು ಅದರೊಳಗೆ ಬೆರೆಯಬೇಕು. ಮೂರೂ ಚೀಟಿ ಒಂದೇ ಅಳತೆ, ಒಂದೇ ರೀತಿಯ ಮಡಿಕೆ. ಬರೆಯುವ ವಾಕ್ಯಗಳೂ ಹೆಚ್ಚುಕಡಿಮೆ ಒಂದೇ ಉದ್ದ ಇರಲಿ. ಎರಡಕ್ಷರದ ಹೆಸರಿಗೆ ನೀವು ಎರಡು ಸಾಲು ಗೀಚುತ್ತಿದ್ದರೆ ಚುರುಕು ಕಣ್ಣಿನವರು ಗಮನಿಸುತ್ತಾರೆ.

ಇನ್ನೊಂದು ಸೂಕ್ಷ್ಮ. ಹೆಸರನ್ನು ನೂರಕ್ಕೆ ನೂರು ಸರಿ ಬರೆಯುವುದಕ್ಕಿಂತ ಚೂರು ತಡವರಿಸಿ ಬರೆಯುವುದು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. "ಉಮಾ" ಎಂದು ಬರೆದು ಹೊಡೆದುಹಾಕಿ, ಕೆಳಗೆ "ಸುಮಾ" ಎಂದು ಬರೆಯಿರಿ. ಊರಿಗೆ "ಎತ್ತರದ ಕಬ್ಬಿಣದ ಗೋಪುರ, ಪಕ್ಕದಲ್ಲಿ ನದಿ, ಪ್ಯಾರಿಸ್" ಎಂದು ಬರೆಯಿರಿ. ಚೀಟಿ ಓದುವವರ ದನಿಯಲ್ಲಿ ಆ ಹೊಡೆದುಹಾಕಿದ ಹೆಸರು ಬಂದಾಗ ಸಭೆಗೆ ನೀವು ನಿಜವಾಗಿ ಹುಡುಕಾಡಿದ್ದು ಕಾಣುತ್ತದೆ.

ಇಸ್ಪೀಟ್ ಎಲೆ ಬೇಡ ಅನ್ನಿಸಿದರೆ ಮೂರು ವಸ್ತು ಇಟ್ಟುಕೊಳ್ಳಿ: ಪೆನ್ನು, ಬೀಗದ ಕೈ, ನಾಣ್ಯ. ಚೀಟಿಯಲ್ಲಿ ನಾಣ್ಯ ಎಂದು ಬರೆದಿದ್ದೀರಿ. "ಎರಡನ್ನು ಎತ್ತಿ, ಒಂದೊಂದು ಕೈಯಲ್ಲಿ ಹಿಡಿಯಿರಿ" ಅನ್ನಿ. ನಾಣ್ಯ ಮೇಜಿನ ಮೇಲೇ ಉಳಿದರೆ, "ನೀವು ಬಿಟ್ಟದ್ದು ಇದೊಂದನ್ನೇ" ಎಂದು ಅಲ್ಲಿಗೆ ಮುಗಿಸಿ. ಕೈಯಲ್ಲಿದ್ದರೆ "ಒಂದನ್ನು ನನಗೆ ಕೊಡಿ" ಅನ್ನಿ. ನಾಣ್ಯವನ್ನೇ ಕೊಟ್ಟರೆ, "ನನಗಾಗಿ ಇದನ್ನು ಆರಿಸಿದಿರಿ." ಇನ್ನೊಂದನ್ನು ಕೊಟ್ಟರೆ ಅದನ್ನು ಪಕ್ಕಕ್ಕಿಟ್ಟು, "ನಿಮ್ಮ ಬಳಿ ಉಳಿಸಿಕೊಂಡದ್ದು ಇದು." ಮುಂದೇನು ಮಾಡಿಸುತ್ತೀರಿ ಎಂದು ಮೊದಲೇ ಹೇಳಬಾರದು, ತಡವರಿಸಬಾರದು. ಮೂರು ದಾರಿಯ ಮಾತೂ ನಾಲಿಗೆಯ ತುದಿಯಲ್ಲಿರಬೇಕು.

ಎಡವಿದಾಗ

ಕೆಲವು ಟ್ರಿಕ್‌ಗಳು ಅಂದಾಜಿನ ಮೇಲೆ ನಡೆಯುತ್ತವೆ. "1ರಿಂದ 50ರೊಳಗೆ ಎರಡಂಕಿಯ ಸಂಖ್ಯೆ, ಎರಡೂ ಬೆಸ ಅಂಕಿ, ಎರಡೂ ಬೇರೆ ಬೇರೆ, ಉದಾಹರಣೆಗೆ 15" ಎಂದು ಹೇಳಿದರೆ ಕೇಳಲು ಧಾರಾಳವಾಗಿದೆ. ಆದರೆ ಷರತ್ತಿಗೆ ಹೊಂದುವುದು 13, 15, 17, 19, 31, 35, 37, 39 ಈ ಎಂಟೇ. ಉದಾಹರಣೆ ಕೊಟ್ಟ 15ನ್ನು ಜನ ಬಿಟ್ಟುಬಿಡುತ್ತಾರೆ. ಹೆಚ್ಚಿನವರು 37ಕ್ಕೆ ಬರುತ್ತಾರೆ, 35 ಅದರ ಹಿಂದೆ. ಹಾಳೆಯಲ್ಲಿ 35 ಬರೆದು ಹೊಡೆದು, ಕೆಳಗೆ 37 ಬರೆದಿಡಿ. 37 ಬಂದರೆ ಗೆದ್ದಿರಿ. 35 ಬಂದರೆ "ಮೊದಲು ಅದೇ ಕಂಡಿತ್ತು, ನೀವು ನಡುವೆ ಮನಸ್ಸು ಬದಲಿಸಿದಿರಿ ಅಂದುಕೊಂಡೆ" ಎನ್ನಿ. ಬೇರೇನೋ ಬಂದರೆ ಹಾಳೆ ಮಡಚಿ "ಇವತ್ತು ನಿಮ್ಮ ಮನಸ್ಸಿನ ಬಾಗಿಲು ಗಟ್ಟಿಯಾಗಿದೆ" ಎಂದು ಮುಂದಿನದಕ್ಕೆ ಹೋಗಿ. ಮನಸ್ಸು ಓದುವವರು ಒಂದೆರಡು ಸಲ ತಪ್ಪಿದರೆ ಜನ ಬೇಸರ ಪಡುವುದಿಲ್ಲ. ಪ್ರತಿ ಸಲ ಸರಿಬರುವುದೇ ಟ್ರಿಕ್‌ನ ಲಕ್ಷಣ ಎಂದು ಅವರಿಗೂ ಗೊತ್ತು.

ಮುಂದೆ ಕರೆಯುವವರನ್ನು ಆರಿಸುವಾಗ, ಮೊದಲ ಟ್ರಿಕ್‌ಗೆ ಮನಬಿಚ್ಚಿ ನಕ್ಕವರನ್ನು ಗುರುತಿಟ್ಟುಕೊಂಡು ಕರೆಯಿರಿ. ಕೈಕಟ್ಟಿ ಕೂತವರನ್ನು ಎಳೆದು ತರಬೇಡಿ. ಹೆಸರು ಕೇಳಿ, ಹೆಸರು ಹಿಡಿದೇ ಮಾತಾಡಿಸಿ. ಅವರ ಖರ್ಚಿನಲ್ಲಿ ಸಭೆಯನ್ನು ನಗಿಸಬೇಡಿ. "ಇನ್ನೊಂದು ಸಲ ಮಾಡಿ" ಎಂದು ಎಷ್ಟೇ ಒತ್ತಾಯ ಬಂದರೂ ಅದೇ ಟ್ರಿಕ್ ಅದೇ ಜನರೆದುರು ಬೇಡ. ಎರಡನೆಯ ಸಲ ಅವರು ಕಣ್ಣಿಡುವುದು ಸರಿಯಾಗಿ ಆ ಅಡ್ಡ ಇಟ್ಟ ಎಲೆಗಳ ಮೇಲೆ.

ಕಾರ್ಯಕ್ರಮ ಮುಗಿದ ಮೇಲೆ ಯಾರಾದರೂ ಪಕ್ಕಕ್ಕೆ ಕರೆದು, ಕಳೆದುಹೋದವರ ಬಗ್ಗೆಯೋ ಕಾಯಿಲೆಯ ಬಗ್ಗೆಯೋ ಮದುವೆಯ ಬಗ್ಗೆಯೋ ಕೇಳಬಹುದು. ಆಗ ನೇರವಾಗಿ ಹೇಳಿ: ಇದು ಜಾದೂ, ನನಗೆ ಅಂಥ ಶಕ್ತಿ ಇಲ್ಲ. ವೇದಿಕೆಯ ಮೇಲೆ ಗುಟ್ಟು ಕಾಪಾಡುವುದು ಒಂದು, ಸಂಕಟದಲ್ಲಿರುವವರನ್ನು ನಂಬಿಸುವುದು ಇನ್ನೊಂದು. ಹೂಡಿನಿಯಂಥ ಜಾದೂಗಾರ 1920ರ ದಶಕದಲ್ಲಿ ಸತ್ತವರ ಜೊತೆ ಮಾತಾಡಿಸುತ್ತೇವೆ ಎಂದು ದುಡ್ಡು ಮಾಡುತ್ತಿದ್ದವರನ್ನು ಬಯಲಿಗೆಳೆಯಲು ಊರೂರು ಅಲೆದ, 1926ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೆದುರು ಸಾಕ್ಷಿ ಹೇಳಿದ. ಟ್ರಿಕ್ ಗೊತ್ತಿದ್ದವನಿಗೆ ಮೋಸ ಬೇಗ ಕಾಣುತ್ತದೆ.

ಕಾರ್ಯಕ್ರಮದ ಕ್ರಮ

ಮೊದಲ ಸಲಕ್ಕೆ ಈರುಳ್ಳಿ, ನಾಣ್ಯ, ಪುಸ್ತಕ, ಫೋನು, ಮೂರು ಚೀಟಿ ಎಂಬ ಸರದಿ ಚೆನ್ನಾಗಿ ಕೂರುತ್ತದೆ. ಹುಟ್ಟಿದ ದಿನದ ಕಾರ್ಡನ್ನು ಪುಸ್ತಕದ ಬದಲು ಮಾಡಿ, ಜೊತೆಗೆ ಬೇಡ. ಎರಡರಲ್ಲೂ ಸಂಖ್ಯೆ ಇದೆ. ಫೋನಿನ ಗೆಳೆಯನಿಗೆ ಕಾರ್ಯಕ್ರಮದ ಹೊತ್ತನ್ನು ಹಿಂದಿನ ದಿನವೇ ತಿಳಿಸಿ, ಶುರುವಾಗುವ ಮೊದಲು ಒಂದು ಮೆಸೇಜು ಹಾಕಿ. ಅವನು ಎತ್ತದಿದ್ದರೆ ಏನೂ ಆಗದವರಂತೆ ಫೋನನ್ನು ಜೇಬಿಗಿಟ್ಟು ಚೀಟಿಗಳನ್ನು ಹೊರತೆಗೆಯಿರಿ. ಚೀಟಿಯ ಆಟವನ್ನು ಮನೆಯಲ್ಲಿ ಮೂರು ಖಾಲಿ ಕುರ್ಚಿಗಳ ಎದುರು ಮಾತಾಡುತ್ತಲೇ ಅಭ್ಯಾಸ ಮಾಡಿ. ಬಾಯಿ ಒಂದು ಹೇಳುತ್ತಿರುವಾಗ ಕೈ ಇನ್ನೊಂದು ಬರೆಯುವುದು ಮೌನವಾಗಿ ಅಭ್ಯಾಸ ಮಾಡಿದರೆ ಬರುವುದಿಲ್ಲ. ಆಟ ಮುಗಿದ ಮೇಲೆ ಚೀಟಿಗಳನ್ನು ಬಚ್ಚಿಡಬೇಡಿ, ಆಯಾ ಮೂವರಿಗೇ ಕೊಟ್ಟುಬಿಡಿ. ಅದರಲ್ಲಿ ಹಿಡಿದುಹಾಕುವಂಥದ್ದು ಏನೂ ಇಲ್ಲ. ಅವರು ಅದನ್ನು ಮನೆಗೆ ಒಯ್ದು ನಾಲ್ಕು ಜನರಿಗೆ ತೋರಿಸುತ್ತಾರೆ.